ಕುಡಿತ ಬಿಡುವವರ ಸಭೆಗೆ ಹೋಗುವುದು ಹೇಗೆ? ಬಾಗಲಕೋಟೆ ಕಡೆಯವರಿಗೆ ಒಂದು ಮಾರ್ಗದರ್ಶಿ

ಸೆರೆ ಬಿಡಬೇಕು ಅಂತ ಮನಸ್ಸು ಮಾಡಿದವರಿಗೆ ನಮ್ಮ ಕಡೆ ಕೊರತೆ ಇಲ್ಲ. ಮಗಳ ತಲೆ ಮುಟ್ಟಿ ಆಣೆ ಮಾಡಿದವರಿದ್ದಾರೆ. ಶ್ರಾವಣ ಮಾಸ ಪೂರ್ತಿ ಬಿಟ್ಟವರಿದ್ದಾರೆ. ಅಯ್ಯಪ್ಪನ ಮಾಲೆ ಹಾಕಿ ನಲವತ್ತೊಂದು ದಿನ ಒಂದು ಹನಿ ಮುಟ್ಟದೆ, ಮಾಲೆ ತೆಗೆದ ವಾರದಲ್ಲೇ ಮತ್ತೆ ಅಂಗಡಿ ಮುಂದೆ ನಿಂತವರಿದ್ದಾರೆ. ಇವರಿಗೆಲ್ಲ ಮನಸ್ಸು ಗಟ್ಟಿ ಇಲ್ಲ ಅಂತ ಊರವರು ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ನಲವತ್ತೊಂದು ದಿನ ಬಿಟ್ಟವರ ಮನಸ್ಸು ಗಟ್ಟಿಯೇ ಇದೆ. ನಲವತ್ತೆರಡನೇ ದಿನ ಅವರ ಪಕ್ಕದಲ್ಲಿ ಕೂರುವ ಜನ ಇರುವುದಿಲ್ಲ.

ಅಂಥ ಜನ ಸಿಗುವ ಜಾಗ ಅಂದರೆ ಕುಡಿತ ಬಿಟ್ಟವರು, ಬಿಡುತ್ತಿರುವವರು ಒಟ್ಟಿಗೆ ಕೂರುವ ಸಭೆ. ಇಳಕಲ್ಲಿನ ಚಿತ್ತರಗಿ ಮಠದ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ಜನರ ಚಟವನ್ನೇ ಭಿಕ್ಷೆ ಬೇಡಿದರು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ಇವತ್ತಿಗೂ ವ್ಯಸನಮುಕ್ತ ದಿನ ಅಂತ ಆಚರಿಸುತ್ತದೆ. ಚಟವನ್ನು ಜೋಳಿಗೆಗೆ ಹಾಕಿ ಮನೆಗೆ ಬಂದಮೇಲೆ ದಿನಾ ಸಂಜೆ ಏಳು ಗಂಟೆಗೆ ಏನು ಮಾಡಬೇಕು ಅನ್ನುವ ಪ್ರಶ್ನೆ ಉಳಿಯುತ್ತದಲ್ವಾ? ಸಭೆ ಇರುವುದು ಅದಕ್ಕೆ. ನಮ್ಮ ಸೋದರಮಾವ ಹೀಗೆಯೇ ಬಿಟ್ಟರು. ಮನೆಯವರೂ ಬರಬಹುದಾದ ಸಭೆಗಳಿಗೆ ನಾನು ಅವರ ಜೊತೆ ಹೋಗಿ ಕೂತಿದ್ದೇನೆ.

ನಿಲ್ಲಿಸುವ ಮೊದಲು ಡಾಕ್ಟರಿಗೆ ತೋರಿಸಿ

ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕಂದ್ರೆ ಇದು ಜೀವದ ಪ್ರಶ್ನೆ. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುತ್ತದೆ, ಬೆವರುತ್ತದೆ, ಒಂದು ಕ್ವಾರ್ಟರ್ ಒಳಗೆ ಹೋದ ಮೇಲೆಯೇ ನಿಲ್ಲುತ್ತದೆ ಅನ್ನುವವರು ತಾವಾಗಿಯೇ ಒಂದೇ ಏಟಿಗೆ ನಿಲ್ಲಿಸಬಾರದು. ದಿನಾ ಜಾಸ್ತಿ ಕುಡಿಯುವವರ ದೇಹ ಸೆರೆಗೆ ಒಗ್ಗಿಹೋಗಿರುತ್ತದೆ. ಕೊನೆಯ ಸಲ ಕುಡಿದ ಆರೇಳು ತಾಸಿಗೆ ನಡುಕ, ವಾಂತಿ, ನಿದ್ದೆ ಇಲ್ಲದಿರುವುದು ಶುರುವಾಗಬಹುದು. ಮೊದಲ 48 ತಾಸಿನಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರು ಇಲ್ಲದ್ದು ಕಂಡಂತೆ ಮಾತಾಡುತ್ತಾರೆ, ಯಾರು ಎಲ್ಲಿ ಅನ್ನುವುದೇ ತಿಳಿಯುವುದಿಲ್ಲ, ಜ್ವರ ಏರುತ್ತದೆ. ಅದನ್ನು ದೆವ್ವ ಹಿಡಿದಿದೆ ಅಂತ ಮಂತ್ರ ಹಾಕಿಸುತ್ತಾ ಕೂತರೆ ಜೀವ ಹೋಗಬಹುದು. ಕೂಡಲೇ 108ಕ್ಕೆ ಫೋನ್ ಮಾಡಿ.

ಆಸ್ಪತ್ರೆಯಲ್ಲಿ ಕೆಲವು ದಿನ ಮಾತ್ರೆ, ಬಿ1 ವಿಟಮಿನ್ ಇಂಜೆಕ್ಷನ್ ಕೊಟ್ಟು ಈ ಹಂತವನ್ನು ಸಲೀಸಾಗಿ ದಾಟಿಸುತ್ತಾರೆ. ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ನವನಗರದಲ್ಲಿ ನಿಜಲಿಂಗಪ್ಪ ಮೆಡಿಕಲ್ ಕಾಲೇಜಿನ ಕುಮಾರೇಶ್ವರ ಆಸ್ಪತ್ರೆ ಇದೆ. ವಿಜಯಪುರದವರಿಗೆ ಬಿ.ಎಲ್.ಡಿ.ಇ., ಬೆಳಗಾವಿಯವರಿಗೆ ಬಿಮ್ಸ್ ಮತ್ತು ಕೆ.ಎಲ್.ಇ. ಆಸ್ಪತ್ರೆಗಳಿವೆ. ಸಮಸ್ಯೆ ಗಂಭೀರವಾಗಿದ್ದರೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುವ ಮನೋಚೈತನ್ಯ ಕಾರ್ಯಕ್ರಮವೂ ರಾಜ್ಯದಲ್ಲಿದೆ. ನಿಮ್ಮ ತಾಲ್ಲೂಕಿಗೆ ಯಾವ ವಾರ ಬರುತ್ತಾರೆ ಅಂತ ಕೇಳಿಕೊಂಡು ಹೋಗಿ. ಎಷ್ಟು ಕುಡಿಯುತ್ತೀರಿ ಅಂತ ಡಾಕ್ಟರ್ ಕೇಳಿದಾಗ ಕಡಿಮೆ ಮಾಡಿ ಹೇಳಬೇಡಿ. ಔಷಧದ ಲೆಕ್ಕ ಅದರ ಮೇಲೆಯೇ ನಿಂತಿರುತ್ತದೆ. ನೀವು ಹೇಳಿದ್ದನ್ನು ಹೊರಗೆ ಹೇಳದಂತೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಅವರನ್ನು ಕಟ್ಟಿಹಾಕಿದೆ.

ಮನೆಯವರಿಗೂ ಒಂದು ಮಾತು. ಬಸ್ ಸ್ಟ್ಯಾಂಡ್ ಗೋಡೆಯ ಮೇಲೆ ‘ಗೊತ್ತಾಗದಂತೆ ಕುಡಿತ ಬಿಡಿಸಿ’ ಅನ್ನುವ ಪುಡಿಯ ಜಾಹೀರಾತು ನೋಡಿ ಅದನ್ನು ಸಾರಿನಲ್ಲಿ ಕಲಸಬೇಡಿ. ಡೈಸಲ್ಫಿರಾಮ್ ಅನ್ನುವ ಮಾತ್ರೆ ಇದೆ. ಅದರ ಪ್ರಭಾವ ಮೈಯಲ್ಲಿರುವಾಗ ಕುಡಿದರೆ ಎದೆ ಬಡಿತ ಏರುತ್ತದೆ, ರಕ್ತದ ಒತ್ತಡ ಕುಸಿಯಬಹುದು. ಕುಡಿಯುವವರಿಗೆ ಗೊತ್ತಿದ್ದು, ಅವರು ಒಪ್ಪಿ, ಡಾಕ್ಟರ್ ನೋಡಿಕೊಳ್ಳುವಾಗ ಮಾತ್ರ ಅದನ್ನು ಕೊಡುವುದು. ಕದ್ದು ಕೊಟ್ಟರೆ ಅನಾಹುತ.

ಸಭೆ ಎಲ್ಲಿದೆ ಅಂತ ಹುಡುಕುವುದು

ನಮ್ಮ ಕಡೆ ಮುಖ್ಯವಾಗಿ ಎರಡು ಬಗೆಯ ಸಭೆಗಳ ಹೆಸರು ಕೇಳುತ್ತೀರಿ.

ಒಂದು ಆಲ್ಕೋಹಾಲಿಕ್ಸ್ ಅನಾನಿಮಸ್. ಎಲ್ಲರೂ ಎ.ಎ. ಅಂತಾರೆ. ಜಗತ್ತಿನಾದ್ಯಂತ ಇದೆ, ಭಾರತಕ್ಕೆ 1957ರಲ್ಲಿ ಬಂತು. ಸೇರಲು ಇರುವ ಷರತ್ತು ಒಂದೇ: ಕುಡಿಯುವುದನ್ನು ನಿಲ್ಲಿಸಬೇಕು ಅನ್ನುವ ಆಸೆ ಇರಬೇಕು. ನಿಲ್ಲಿಸಿಯೇ ಬರಬೇಕು ಅಂತಿಲ್ಲ. ಇದನ್ನು ಎರಡು ಸಲ ಓದಿ. ಸುಮಾರು ಜನ ಮೊದಲು ಬಿಟ್ಟು ಆಮೇಲೆ ಹೋಗೋಣ ಅಂತ ವರ್ಷಗಟ್ಟಲೆ ಮುಂದೂಡುತ್ತಾರೆ.

ಇನ್ನೊಂದು, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರುಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರ. ಸಾಮಾನ್ಯವಾಗಿ ಎಂಟು ದಿನ, ಅಲ್ಲೇ ಉಳಿಯಬೇಕು. ಶಿಬಿರ ಮುಗಿಸಿದವರು ಆಮೇಲೆ ನವಜೀವನ ಸಮಿತಿ ಅಂತ ಮಾಡಿಕೊಂಡು ಸೇರುತ್ತಿರುತ್ತಾರೆ. ಹಳ್ಳಿಯವರಿಗೆ ಇದು ಹತ್ತಿರದ ದಾರಿ. ನಿಮ್ಮ ಮನೆಯ ಹೆಣ್ಣುಮಕ್ಕಳು ಧರ್ಮಸ್ಥಳ ಸಂಘದಲ್ಲಿದ್ದರೆ ಸೇವಾಪ್ರತಿನಿಧಿಯನ್ನು ಕೇಳಿ. ಮುಂದಿನ ಶಿಬಿರ ಎಲ್ಲಿ, ನಮ್ಮ ಸುತ್ತಮುತ್ತ ನವಜೀವನ ಸಮಿತಿ ಯಾವ ಊರಲ್ಲಿದೆ ಅಂತ ವಿಚಾರಿಸಿ ಹೇಳುತ್ತಾರೆ. ಶಿಬಿರ ಒಂದೇ ಸಾಕು ಅಂದುಕೊಳ್ಳಬೇಡಿ. ನನ್ನ ಪ್ರಕಾರ ನಿಜವಾದ ಕೆಲಸ ಒಂಬತ್ತನೇ ದಿನ ಶುರುವಾಗುತ್ತದೆ, ಆ ಕೆಲಸ ನಡೆಯುವುದು ಸಮಿತಿಯಲ್ಲಿ.

ಎ.ಎ. ಸಭೆ ಹುಡುಕಲು ನಾಲ್ಕು ದಾರಿ ಇವೆ. ಎ.ಎ.ಯ ಭಾರತದ ವೆಬ್‌ಸೈಟಿನಲ್ಲಿ ಊರ ಹೆಸರು ಹಾಕಿ ನೋಡುವುದು ಒಂದು. ಮನೋವೈದ್ಯ ವಿಭಾಗದಲ್ಲಿ ಕೇಳುವುದು ಇನ್ನೊಂದು. ಅಲ್ಲಿ ಡಾಕ್ಟರಿಗಿಂತ ಆಪ್ತಸಮಾಲೋಚಕರಿಗೆ ಇದೆಲ್ಲ ಜಾಸ್ತಿ ಗೊತ್ತಿರುತ್ತದೆ, ಅವರನ್ನೇ ಹುಡುಕಿ. ಮೂರನೆಯದು 14446, ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ. ನಾಲ್ಕನೆಯದು ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 14416. ಇದು ಹಗಲು ರಾತ್ರಿ ಇರುತ್ತದೆ, ದುಡ್ಡು ಹತ್ತುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಎರಡಕ್ಕೆ ನಿದ್ದೆ ಬರದೆ ಕುಡಿಯುವ ಮನಸ್ಸಾದರೆ ಆಗಲೂ ಇದಕ್ಕೆ ಫೋನ್ ಮಾಡಿ.

ದೊಡ್ಡ ಊರಿನಲ್ಲಿ ಗುಂಪು ಸಿಗುವ ಸಾಧ್ಯತೆ ಜಾಸ್ತಿ. ಸ್ವಂತ ಊರಿನಲ್ಲಿ ಗುಂಪಿದ್ದರೂ ಪರಿಚಯದವರು ಕಂಡಾರು ಅಂತ ಮೊದಮೊದಲು ಬೇರೆ ಊರಿಗೆ ಹೋಗುವವರಿದ್ದಾರೆ, ಅದರಲ್ಲಿ ತಪ್ಪಿಲ್ಲ. ಬೆಳಗಾವಿ ಕಡೆ ಹೋದರೆ ಮರಾಠಿ, ಹಿಂದಿ ಮಾತು ಕಿವಿಗೆ ಬೀಳಬಹುದು, ಕನ್ನಡದ ಸಭೆ ಯಾವುದು ಅಂತ ಮೊದಲೇ ಕೇಳಿಕೊಳ್ಳಿ. ಫೋನಿನಲ್ಲೇ ಜೂಮ್ ಮೂಲಕ ನಡೆಯುವ ಸಭೆಗಳೂ ಇವೆ. ಕ್ಯಾಮೆರಾ ಆಫ್ ಮಾಡಿ, ಹೆಸರು ಬೇರೆ ಹಾಕಿಕೊಂಡು ಸುಮ್ನೆ ಕೇಳಬಹುದು. ಮಗ್ಗದ ಕೆಲಸ, ಕಬ್ಬಿನ ಕೆಲಸ ಅಂತ ಊರು ಬಿಟ್ಟು ಬರಲಾಗದವರಿಗೆ ಅದೇ ಅನುಕೂಲ. ಆದರೂ ಆಗಾಗ ಎದುರಾಬದುರಾ ಕೂರುವ ಸಭೆಗೆ ಹೋಗಿ. ಪಕ್ಕದವರ ಮುಖ ನೋಡುವುದರಿಂದ ಆಗುವ ಧೈರ್ಯ ಫೋನಿನಲ್ಲಿ ಅಷ್ಟು ಸಿಗುವುದಿಲ್ಲ.

ಫೋನ್ ಮಾಡುವಾಗ

ಸಭೆಯವರ ನಂಬರ್ ಸಿಕ್ಕರೂ, ಏನು ಹೇಳಬೇಕು ಅಂತ ತಿಳಿಯದೆ ಒತ್ತಿ ಕಟ್ ಮಾಡುವವರೇ ಹೆಚ್ಚು. ಇಷ್ಟು ಹೇಳಿದರೆ ಸಾಕು: “ನಾ ಬಾಗಲಕೋಟಿ ಕಡಿಯಿಂದ ಮಾತಾಡ್ತೀನ್ರಿ. ನನಗ ಕುಡಿಯೂದು ಬಿಡಬೇಕಾಗೇತ್ರಿ. ಮೀಟಿಂಗ್ ಎಲ್ಲಿ, ಎಷ್ಟಕ್ಕ ಇರ್ತೈತ್ರಿ?”

ಮಾವ ಮೊದಲ ಸಲ ಫೋನ್ ಮಾಡಿದಾಗ ಆ ಕಡೆಯಿಂದ ಬಂದ ಉತ್ತರ ಅವರಿಗೆ ಇನ್ನೂ ನೆನಪಿದೆ. “ಚಲೋ ಆತು ಫೋನ್ ಮಾಡಿದ್ರಿ ಅಣ್ಣಾರ. ಹೆಸರು ಹೇಳೂದು ಬ್ಯಾಡ್ರಿ. ಬಂದು ಕೂಡ್ರಿ, ಅಷ್ಟ ಸಾಕು.”

ಸಭೆ ಓಪನ್ನೋ ಕ್ಲೋಸ್ಡೋ ಅಂತ ಕೇಳಿ. ಓಪನ್ ಸಭೆಗೆ ಮನೆಯವರು, ಗೆಳೆಯರು ಯಾರೂ ಬರಬಹುದು. ಕ್ಲೋಸ್ಡ್ ಸಭೆ ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ. ಪಕ್ಕದಲ್ಲಿ ಗುರುತಿಗೆ ಏನಿದೆ ಅಂತಲೂ ಕೇಳಿ, ಯಾಕಂದ್ರೆ ಹೊರಗೆ ದೊಡ್ಡ ಬೋರ್ಡ್ ಇರುವುದಿಲ್ಲ. ಶಾಲೆಯ ಕೋಣೆ, ಆಸ್ಪತ್ರೆಯ ಹಾಲ್, ಚರ್ಚಿನ ಆವರಣ, ಎಲ್ಲಿ ಜಾಗ ಸಿಗುತ್ತದೋ ಅಲ್ಲಿ ಸೇರುತ್ತಾರೆ. ಚರ್ಚಿನಲ್ಲಿದ್ದರೆ ಮತಕ್ಕೆ ಸೇರಿಸುತ್ತಾರೆ ಅನ್ನುವ ಭಯ ಬೇಡ, ಜಾಗ ಮಾತ್ರ ಅವರದು. ಹೋಗುವ ದಿನ ಮಧ್ಯಾಹ್ನ ಇನ್ನೊಮ್ಮೆ ಫೋನ್ ಮಾಡಿ ಸಭೆ ಇದೆ ಅಂತ ಖಾತ್ರಿ ಮಾಡಿಕೊಳ್ಳಿ. ಅಷ್ಟು ದೂರ ಬಸ್ಸಿನಲ್ಲಿ ಹೋಗಿ ಬೀಗ ಹಾಕಿದ ಬಾಗಿಲು ನೋಡಿದರೆ, ವಾಪಸ್ ಬರುವ ದಾರಿಯಲ್ಲಿ ಬಾರ್ ಕಾಣದೆ ಇರುವುದಿಲ್ಲ.

ಗೇಟಿನ ತನಕ

ಎಲ್ಲಕ್ಕಿಂತ ಕಷ್ಟ ಇರುವುದು ಗೇಟಿನ ಮುಂದೆ. ಯಾರಾದರೂ ನೋಡಿದರೆ? ಒಳಗೆ ಗುರುತಿನವರು ಇದ್ದರೆ? ಇದ್ದರೆ ಅವರೂ ನಿಮ್ಮಂತೆಯೇ ಬಂದವರು. ನಿಮ್ಮ ಗುಟ್ಟು ಕಾಯದೆ ಅವರ ಗುಟ್ಟು ಉಳಿಯುವುದಿಲ್ಲ. ಇನ್ನು ರಸ್ತೆಯಲ್ಲಿ ನೋಡುವ ಜನ ನೀವು ಬಾರಿನಿಂದ ಹೊರಗೆ ಬರುವುದನ್ನೂ ನೋಡಿದವರೇ.

ಹತ್ತು ಹದಿನೈದು ನಿಮಿಷ ಮೊದಲೇ ತಲುಪಿ. ಒಳಗೆ ಹೋಗಲು ಕಾಲು ಬರದಿದ್ದರೆ ಗೇಟಿನಿಂದಲೇ ಆ ನಂಬರಿಗೆ ಫೋನ್ ಮಾಡಿ, ಒಬ್ಬರು ಹೊರಗೆ ಬಂದು ಕರೆದುಕೊಂಡು ಹೋಗುತ್ತಾರೆ. ಆ ದಿನ ಕುಡಿಯದೆ ಹೋಗಲು ನೋಡಿ. ಆಗದೆ ಸ್ವಲ್ಪ ಕುಡಿದುಬಿಟ್ಟಿದ್ದರೆ ಅದೇ ನೆವ ಮಾಡಿ ವಾಪಸ್ ಹೋಗಬೇಡಿ. ಹಿಂದೆ ಕೂತು, ಬಾಯಿ ಮುಚ್ಚಿ ಕೇಳಿ. ಗಲಾಟೆ ಮಾಡದಿದ್ದರೆ ಯಾರೂ ಎಬ್ಬಿಸುವುದಿಲ್ಲ. ಗಾಡಿ ಮಾತ್ರ ನೀವು ಓಡಿಸಬೇಡಿ.

ಕುಡಿಯುವ ಹೆಣ್ಣುಮಕ್ಕಳೂ ಇದ್ದಾರೆ, ಅವರಿಗೆ ಈ ಗೇಟು ಇನ್ನೂ ಎತ್ತರ. ಫೋನಿನಲ್ಲಿ ಮಹಿಳಾ ಸದಸ್ಯರ ಜೊತೆ ಮಾತಾಡಿಸಿ ಅಂತ ಕೇಳಿ. ಮಹಿಳೆಯರಿಗಾಗಿಯೇ ಆನ್‌ಲೈನ್ ಸಭೆಗಳು ನಡೆಯುತ್ತವೆ, ಅಲ್ಲಿಂದ ಶುರು ಮಾಡಬಹುದು.

ಒಳಗೆ ಏನು ನಡೆಯುತ್ತದೆ

ಕುರ್ಚಿಗಳು, ಒಂದು ಟೇಬಲ್, ಚಹಾ. ವೇದಿಕೆ, ಹಾರ, ಮುಖ್ಯ ಅತಿಥಿ ಯಾವುದೂ ಇಲ್ಲ. ಒಂದರಿಂದ ಒಂದೂವರೆ ತಾಸು ನಡೆಯುತ್ತದೆ. ಒಬ್ಬರು ಸಭೆ ನಡೆಸುತ್ತಾರೆ. ಮುಂದಿನ ವಾರ ಆ ಕುರ್ಚಿಯಲ್ಲಿ ಬೇರೆಯವರು ಇರಬಹುದು. ಶುರುವಿನಲ್ಲಿ ಎ.ಎ. ಅಂದರೇನು ಅಂತ ಚಿಕ್ಕದಾಗಿ ಓದುತ್ತಾರೆ, ಕುಡಿತ ಬಿಡಲು ಎ.ಎ. ಹಾಕಿಕೊಟ್ಟ ಹನ್ನೆರಡು ಹೆಜ್ಜೆಗಳನ್ನು ಓದುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಮಾತಾಡುತ್ತಾರೆ. ಇದಕ್ಕೆ ಶೇರಿಂಗ್ ಅಂತಾರೆ. ‘ನನ್ನ ಹೆಸರು ಇಂಥದ್ದು, ನಾನು ಮದ್ಯವ್ಯಸನಿ’ ಅಂತ ಶುರು ಮಾಡಿ, ಹಿಂದೆ ಹೇಗಿತ್ತು, ಏನಾಯಿತು, ಈಗ ಹೇಗಿದೆ ಅನ್ನುವುದನ್ನು ಹೇಳುತ್ತಾರೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವಂತಿಲ್ಲ, ‘ನೀನು ಹೀಗೆ ಮಾಡಬೇಕಿತ್ತು’ ಅಂತ ಬುದ್ಧಿ ಹೇಳುವಂತಿಲ್ಲ. ಮನೆಯಲ್ಲಿ, ಪಂಚರ ಮುಂದೆ, ಬೀಗರ ಮುಂದೆ ಬೈಸಿಕೊಂಡೇ ಬಂದವರಿಗೆ ಈ ಮೌನ ಮೊದಲ ದಿನ ವಿಚಿತ್ರ ಅನ್ನಿಸುತ್ತದೆ.

ನಿಮ್ಮ ಸರದಿ ಬಂದಾಗ ಮಾತಾಡಲೇಬೇಕು ಅಂತಿಲ್ಲ. ‘ಇವತ್ತು ಕೇಳ್ತೀನ್ರಿ’ ಅಂದರೆ ಮುಂದಿನವರಿಗೆ ಹೋಗುತ್ತದೆ.

ಅಲ್ಲಿ ಕೇಳಿದ ಯಾರ ಕಥೆಯನ್ನೂ ನಾನು ಇಲ್ಲಿ ಬರೆಯುವುದಿಲ್ಲ. ಕೇಳಿದ್ದು ಅಲ್ಲೇ ಬಿಟ್ಟು ಬರಬೇಕು, ಅದು ಸಭೆಯ ನಿಯಮ. ಮಾವನನ್ನು ಕೇಳಿ ಅವರದ್ದೊಂದು ಮಾತ್ರ ಹೇಳುತ್ತೇನೆ. ಮೊದಲ ದಿನ ಅವರ ಕೈ ಇನ್ನೂ ನಡುಗುತ್ತಿತ್ತು. ಚಹಾ ಹಂಚುತ್ತಿದ್ದ ಹಿರಿಯರು ಎಲ್ಲರಿಗೂ ಕಪ್ ತುಂಬಿಸುತ್ತಾ ಬಂದು ಮಾವನಿಗೆ ಅರ್ಧವೇ ಹಾಕಿದರು, ಏನೂ ಹೇಳಲಿಲ್ಲ. ಮಾವ ಎರಡೂ ಕೈಯಲ್ಲಿ ಕಪ್ ಹಿಡಿದರು, ಚಹಾ ಚೆಲ್ಲಲಿಲ್ಲ. ಕುಡಿದು ಮುಗಿಸಿದ ಮೇಲೆ ಅವರು ಮತ್ತೆ ಬಂದು ಉಳಿದರ್ಧ ಹಾಕಿ ಹೋದರು. ಕೈ ನಡುಗಿದವರಿಗೇ ಹೊಳೆಯುವ ಉಪಾಯ ಅದು. ಮಾವ ಮರುವಾರವೂ ಹೋಗಲು ಕಾರಣ ಆ ಅರ್ಧ ಕಪ್ಪು ಅಂತ ಈಗಲೂ ಹೇಳುತ್ತಾರೆ.

ನಡುವೆ ಒಂದು ಡಬ್ಬಿ ಬರುತ್ತದೆ. ಮನಸ್ಸಿದ್ದರೆ ಹತ್ತು ರೂಪಾಯಿ ಹಾಕಿ, ಇಲ್ಲದಿದ್ದರೆ ಮುಂದಕ್ಕೆ ದಾಟಿಸಿ, ಹೊಸಬರು ಹಾಕದಿದ್ದರೆ ಯಾರೂ ಗಮನಿಸುವುದೂ ಇಲ್ಲ. ಎ.ಎ. ಹೊರಗಿನವರ ದೇಣಿಗೆ ತೆಗೆದುಕೊಳ್ಳುವುದಿಲ್ಲ, ಬಾಡಿಗೆ ಮತ್ತು ಚಹಾದ ಖರ್ಚು ಸದಸ್ಯರದೇ. ಫೀ ಕೇಳಿದರೆ ಅದು ಎ.ಎ. ಅಲ್ಲ ಅಂತ ತಿಳಿಯಿರಿ. ಕೊನೆಗೆ ಎಲ್ಲರೂ ನಿಂತು ಒಂದು ಪ್ರಾರ್ಥನೆ ಹೇಳುತ್ತಾರೆ. ಅದರಲ್ಲಿ ದೇವರ ಮಾತು ಬರುತ್ತದೆ, ಯಾವ ದೇವರು ಅನ್ನುವುದು ನಿಮಗೆ ಬಿಟ್ಟದ್ದು. ದೇವರನ್ನು ನಂಬದವರೂ ಬಂದು ಕೂರುತ್ತಾರೆ. ಜಾತಿ, ಧರ್ಮ, ಪಕ್ಷ ಯಾರೂ ಕೇಳುವುದಿಲ್ಲ.

‘ನಾ ಹೋದ್ರ ಅವರಿಗೆ ತ್ರಾಸ’ ಅನ್ನುವವರಿಗೆ

ಈ ಮಾತು ತುಂಬ ಕೇಳಿದ್ದೇನೆ. ಬಿಟ್ಟು ಹತ್ತು ವರ್ಷ ಆದವರ ನಡುವೆ ನನ್ನಂಥವನಿಗೆ ಏನು ಕೆಲಸ ಅಂತ. ಎ.ಎ. ಹುಟ್ಟಿದ ರೀತಿ ನೋಡಿದರೆ ಲೆಕ್ಕ ಉಲ್ಟಾ ಇದೆ. 1935ರಲ್ಲಿ ಅಮೆರಿಕದ ಆಕ್ರನ್ ಅನ್ನುವ ಊರಿಗೆ ಬಿಲ್ ಅನ್ನುವ ಷೇರು ವ್ಯಾಪಾರಿ ಕೆಲಸಕ್ಕೆ ಬಂದಿದ್ದ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಬಂದ ಕೆಲಸ ಕೆಟ್ಟಿತು. ಹೋಟೆಲಿನ ಬಾರಿನ ಸದ್ದು ಕಿವಿಗೆ ಬೀಳುತ್ತಿತ್ತು. ಅವನು ಬಾರಿನ ಬದಲು ಫೋನಿನ ಹತ್ತಿರ ಹೋಗಿ, ಈ ಊರಿನಲ್ಲಿ ನನ್ನಂತೆಯೇ ಕುಡಿತದಿಂದ ಒದ್ದಾಡುವವರು ಯಾರಾದರೂ ಇದ್ದಾರಾ ಅಂತ ಹುಡುಕಿದ. ಸಿಕ್ಕವನು ಬಾಬ್ ಅನ್ನುವ ಸರ್ಜನ್. ಬಾಬ್‌ನನ್ನು ಉದ್ಧಾರ ಮಾಡುವುದು ಬಿಲ್‌ನ ಮೊದಲ ಉದ್ದೇಶವಾಗಿರಲಿಲ್ಲ, ತಾನು ಆ ರಾತ್ರಿ ಕುಡಿಯದೆ ಉಳಿಯಬೇಕಿತ್ತು. ಆ ವರ್ಷದ ಜೂನ್ 10ರಂದು ಬಾಬ್ ಕೊನೆಯ ಸಲ ಕುಡಿದ ಅಂತ ಹೇಳುತ್ತಾರೆ. ಎ.ಎ. ತನ್ನ ಹುಟ್ಟನ್ನು ಆ ದಿನದಿಂದ ಎಣಿಸುತ್ತದೆ.

ಹಾಗಾಗಿ ಹೊಸಬರು ಬಂದರೆ ಹಳಬರಿಗೆ ಲಾಭ. ನಿಮ್ಮನ್ನು ನೋಡಿದಾಗ ಅವರಿಗೆ ತಮ್ಮ ಮೊದಲ ದಿನ ನೆನಪಾಗುತ್ತದೆ, ಆ ನೆನಪಿನಲ್ಲಿ ಅವರು ಇನ್ನೊಂದು ದಿನ ಕುಡಿಯದೆ ಉಳಿಯುತ್ತಾರೆ. ನೀವು ಹೋಗುವುದೇ ಅವರಿಗೆ ಮಾಡುವ ಸಹಾಯ.

ಮೊದಲ ಸಭೆ ಆದಮೇಲೆ

ಒಂದೇ ಸಭೆ ನೋಡಿ ತೀರ್ಮಾನ ಮಾಡಬೇಡಿ. ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ. ಹೊರಡುವ ಮುಂಚೆ ಎರಡು ಮೂರು ಜನರ ಫೋನ್ ನಂಬರ್ ತೆಗೆದುಕೊಳ್ಳಿ, ಮರುದಿನವೇ ಒಬ್ಬರಿಗೆ ಫೋನ್ ಮಾಡಿ. ಆರಾಮಿದ್ದಾಗ ಫೋನ್ ಮಾಡಿ ರೂಢಿ ಇಲ್ಲದಿದ್ದರೆ, ಬೇಕಾದಾಗ ಕೈ ಏಳುವುದಿಲ್ಲ. ಕೆಲವು ವಾರಗಳಾದ ಮೇಲೆ ನಿಮಗೆ ಹೊಂದುವ ಒಬ್ಬ ಹಳಬರನ್ನು ಸ್ಪಾನ್ಸರ್ (ಜೊತೆಗಿದ್ದು ದಾರಿ ತೋರಿಸುವವರು) ಆಗಿ ಅಂತ ಕೇಳಬಹುದು. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಇರುವುದು ಪದ್ಧತಿ. ಸ್ಪಾನ್ಸರ್ ಡಾಕ್ಟರ್ ಅಲ್ಲ. ಮಾತ್ರೆ ಬಿಡು ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದನ್ನು ಡಾಕ್ಟರ್ ಹೇಳಬೇಕು.

‘ಜೀವನಪೂರ್ತಿ ಮುಟ್ಟಲ್ಲ’ ಅಂತ ಅಲ್ಲಿ ಯಾರೂ ಆಣೆ ಮಾಡಿಸುವುದಿಲ್ಲ. ಇವತ್ತೊಂದು ದಿನ ಮೊದಲ ಗುಟುಕು ಬೇಡ, ಅಷ್ಟೇ ಲೆಕ್ಕ.

ಕಷ್ಟದ ದಿನಗಳು ಯಾವುವು ಅಂತ ಮೊದಲೇ ಗುರುತು ಹಾಕಿಕೊಳ್ಳಿ. ನಮ್ಮಲ್ಲಿ ಬಟವಡೆ ದಿನ ಒಂದು. ಕೈಗೆ ದುಡ್ಡು, ಜೊತೆಗೆ ಗೆಳೆಯರು. ಆ ದಿನದ ಪಗಾರ ನೇರವಾಗಿ ಮನೆಯವರ ಖಾತೆಗೆ ಹೋಗುವಂತೆ ಮಾಡಿ, ಇಲ್ಲವೇ ಮನೆಯವರೊಬ್ಬರು ಜೊತೆಗೆ ಬರಲಿ. ಬಾಗಲಕೋಟೆಯವರಿಗೆ ಹೋಳಿ ಇನ್ನೊಂದು. ಹಲಗಿ ಸದ್ದು ಶುರುವಾದರೆ ಊರಿಗೆ ಊರೇ ಬೀದಿಗಿಳಿಯುತ್ತದೆ, ಬಣ್ಣದ ಬಂಡಿ, ದಿನಗಟ್ಟಲೆ ಆಟ, ಸಂಜೆಗೆ ಬಾಟಲಿ. ಬಿಟ್ಟ ಮೊದಲ ವರ್ಷ ಆ ದಿನಗಳಲ್ಲಿ ಅಕ್ಕನ ಊರಿಗೆ ಹೋಗಿಬಿಡಿ, ಅಥವಾ ಗುಂಪಿನವರ ಜೊತೆ ಬಣ್ಣ ಆಡಿ ಮಧ್ಯಾಹ್ನಕ್ಕೆ ಮನೆ ಸೇರಿ. ‘ಒಂದ ಪೆಗ್ ತಗೋಪಾ, ಏನಾಗೂದಿಲ್ಲ’ ಅನ್ನುವವರಿಗೆ ಉದ್ದದ ಉತ್ತರ ಬೇಡ. ‘ಡಾಕ್ಟರ್ ಬ್ಯಾಡ ಅಂದಾರ’ ಅನ್ನಿ, ಅಲ್ಲಿಂದ ಎದ್ದು ಹೋಗಿ.

ಜಾರಿ ಕುಡಿದುಬಿಟ್ಟರೆ? ಮುಂದಿನ ಸಭೆಗೆ ಹೋಗಿ. ನಾಚಿಕೆಯಿಂದ ಮೂರು ತಿಂಗಳು ತಪ್ಪಿಸಿಕೊಂಡು ತಿರುಗಿದವರಿಗೆ ಹಾನಿ ಜಾಸ್ತಿ ಆಗಿದೆ. ‘ಕುಡಿದೆ’ ಅಂತ ಒಂದು ಮಾತು ಹೇಳಿ ಕೂತರೆ ಸಾಕು. ಅಲ್ಲಿ ಅದನ್ನು ಹೇಳಿದವರಲ್ಲಿ ನೀವು ಮೊದಲಿಗರೂ ಅಲ್ಲ. ಆದರೆ ಮತ್ತೆ ಕೆಲವು ದಿನ ಜೋರಾಗಿ ಕುಡಿದಿದ್ದರೆ ನಿಲ್ಲಿಸುವ ಮೊದಲು ಮತ್ತೆ ಡಾಕ್ಟರನ್ನು ನೋಡಿ.

ಮನೆಯವರಿಗೆ

ಗಂಡ ಬರಲು ಒಪ್ಪದಿದ್ದರೂ ಅಕ್ಕಂದಿರೇ, ನೀವು ಹೋಗಬಹುದು. ಕುಡಿಯುವವರ ಮನೆಯವರಿಗಾಗಿ ಅಲ್-ಅನಾನ್ ಅಂತ ಬೇರೆ ಗುಂಪು 1951ರಿಂದ ಇದೆ, ಅದರ ಸಭೆಗಳೂ ಆನ್‌ಲೈನಿನಲ್ಲಿ ಸಿಗುತ್ತವೆ. ಅವರ ಕುಡಿತ ನಿಮ್ಮ ತಪ್ಪಲ್ಲ ಅನ್ನುವುದನ್ನು ಅಲ್ಲಿ ನಿಮ್ಮಂಥವರ ಬಾಯಿಂದಲೇ ಕೇಳುತ್ತೀರಿ. ಮೈಮೇಲೆ ಕೈ ಮಾಡುತ್ತಿದ್ದರೆ ಸಭೆಗೆ ಕಾಯಬೇಡಿ. 112 ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಹೊಡೆದು ಬಿಡಿಸುವ, ಕಟ್ಟಿಹಾಕುವ ‘ಕೇಂದ್ರ’ಗಳಿಗೆ ಯಾರನ್ನೂ ಸೇರಿಸಬೇಡಿ. ಸೇರಿಸುವ ಮುಂಚೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ತೋರಿಸಿ ಅಂತ ಕೇಳಿ.

ಹತ್ತಿರದಲ್ಲಿ ಗುಂಪೇ ಇಲ್ಲದಿದ್ದರೆ

ಕುಡಿತ ಬಿಡಬೇಕು ಅನ್ನುವ ಇಬ್ಬರು ಮೂವರು ಸೇರಿದರೆ ಅದನ್ನೇ ಎ.ಎ. ಗುಂಪು ಅನ್ನಬಹುದು, ಬೇರೆ ಯಾವ ಸಂಸ್ಥೆಗೂ ಅಂಟಿಕೊಂಡಿರಬಾರದು ಅಷ್ಟೇ. ಮೊದಲು ಕೆಲವು ತಿಂಗಳು ಬೇರೆ ಊರಿನ ಸಭೆಗೋ ಆನ್‌ಲೈನ್ ಸಭೆಗೋ ಹೋಗಿ ನಡೆಸುವ ರೀತಿ ನೋಡಿಕೊಳ್ಳಿ. ಅಲ್ಲಿನ ಹಳಬರೊಬ್ಬರು ಶುರುವಿನಲ್ಲಿ ಬಂದು ಕೂರಲು ಒಪ್ಪುತ್ತಾರಾ ಕೇಳಿ. ಆಮೇಲೆ ಊರಿನ ಶಾಲೆಯದೋ ಆಸ್ಪತ್ರೆಯದೋ ಒಂದು ಕೋಣೆ ಬಾಡಿಗೆಗೆ ಕೇಳಿ. ವಾರ ಮತ್ತು ಸಮಯ ಬದಲಾಯಿಸಬೇಡಿ. ಎ.ಎ.ಯ ಭಾರತದ ಕಚೇರಿಗೆ ತಿಳಿಸಿದರೆ ಗುಂಪನ್ನು ಪಟ್ಟಿಗೆ ಸೇರಿಸುತ್ತಾರೆ. ಸಭೆಯ ಸಮಯ, ಒಂದು ಫೋನ್ ನಂಬರ್ ಬರೆದ ಚೀಟಿಯನ್ನು ತಾಲ್ಲೂಕು ಆಸ್ಪತ್ರೆಯ ಆಪ್ತಸಮಾಲೋಚಕರಿಗೆ, ಆಶಾ ಕಾರ್ಯಕರ್ತೆಯರಿಗೆ, ಠಾಣೆಗೆ ಕೊಟ್ಟು ಬನ್ನಿ. ಆ ಫೋನ್ ಸಂಜೆ ಹೊತ್ತು ಯಾರ ಕೈಯಲ್ಲಿರಬೇಕು ಅಂತ ಸರದಿ ಹಾಕಿಕೊಳ್ಳಿ.